ರೊನಾಲ್ಡ್ ರಾಸ್ ಮತ್ತು ಕಾಣದ ಕರಿಚುಕ್ಕೆ

ಅಭ್ಯಾಸ ಬೋಧನೆಗೆಂದು ಘೋಡಗೇರಿಗೆ ಹೋದ ಎರಡನೆಯ ವಾರ ನಾನು ಎಂಟನೆಯ ತರಗತಿಗೆ ಸೂಕ್ಷ್ಮದರ್ಶಕ ತೆಗೆದುಕೊಂಡು ಹೋದೆ. ಪಾಠ ಯೋಜನೆಯಲ್ಲಿ ಎಲ್ಲವೂ ಸರಿಯಾಗಿತ್ತು. ಉಳ್ಳಾಗಡ್ಡಿಯ ತೆಳುಪೊರೆ, ಒಂದು ಹನಿ ಅಯೋಡಿನ್, ಒಂದು ಗಾಜಿನ ಪಟ್ಟಿ, ನಲವತ್ತು ನಿಮಿಷ. ಮಕ್ಕಳು ಸಾಲಾಗಿ ಬಂದು, ಒಂದು ಕಣ್ಣು ಮುಚ್ಚಿ ಬಗ್ಗಿ ನೋಡಿ, ಕಂಡಿತು ಸರ್ ಎನ್ನುತ್ತ ಮುಂದೆ ಹೋದರು. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಬಹಳ ಹೊತ್ತು ನೋಡಿ, ಏನೂ ಕಾಣವಲ್ದು ಸರ್ ಎಂದಳು. ಗಂಟೆ ಹೊಡೆಯುವ ಹೊತ್ತಾಗಿತ್ತು. ಹಿಂದೆ ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕ ಹಿಡಿದು ಕುಳಿತಿದ್ದರು. ಎಲ್ಲರಿಗೂ ಕಂಡದ್ದು ನಿನಗೊಬ್ಬಳಿಗೇ ಏಕೆ ಕಾಣುವುದಿಲ್ಲ, ಸರಿಯಾಗಿ ನೋಡು ಎಂದು ನಾನು ಗದರಿದೆ. ಅವಳು ಮತ್ತೊಮ್ಮೆ ಬಗ್ಗಿದಳು. ಕಂಡಿತು ಸರ್ ಎಂದು ಹೇಳಿ ತಲೆ ತಗ್ಗಿಸಿ ಹೋದಳು.

ಉಪಕರಣವನ್ನು ಪೆಟ್ಟಿಗೆಯಲ್ಲಿ ಇಡುವ ಮೊದಲು ನಾನೇ ಕಣ್ಣಿಟ್ಟು ನೋಡಿದೆ. ಕನ್ನಡಿ ಪಕ್ಕಕ್ಕೆ ತಿರುಗಿತ್ತು. ಬೂದು ಬಣ್ಣದ ಮಸುಕು ವೃತ್ತ, ಅದರ ನಡುವೆ ಒಂದು ಗಾಳಿಗುಳ್ಳೆ. ಜೀವಕೋಶ ಒಂದೂ ಇರಲಿಲ್ಲ. ಎಷ್ಟು ಮಕ್ಕಳು ನನ್ನನ್ನು ಸಮಾಧಾನಪಡಿಸಲೆಂದೇ ಕಂಡಿತು ಎಂದರೋ ಏನೋ. ಸತ್ಯ ಹೇಳಿದವಳು ಒಬ್ಬಳೇ, ಅವಳಿಂದಲೂ ನಾನು ಸುಳ್ಳು ಹೇಳಿಸಿದ್ದೆ.

ಮರುದಿನ ಊಟದ ಬಿಡುವಿನಲ್ಲಿ ಅದೇ ಹುಡುಗಿ ನನ್ನ ಹತ್ತಿರ ಬಂದಳು. ಅವಳ ತಮ್ಮನಿಗೆ ಚಳಿಜ್ವರ. ಆರೋಗ್ಯ ಕಾರ್ಯಕರ್ತೆ ಮನೆಗೆ ಬಂದು ಅವನ ಬೆರಳು ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ರಕ್ತ ತೆಗೆದುಕೊಂಡು ಹೋಗಿದ್ದರು. ಅದನ್ನು ಇಂಥದೇ ಯಂತ್ರದಲ್ಲಿ ನೋಡುತ್ತಾರಾ ಎಂದು ಕೇಳಿದಳು. ಹೌದು ಎಂದೆ. ನೋಡುವವರಿಗೆ ಕಾಣದೇ ಹೋದರೆ, ರೋಗ ಇಲ್ಲ ಅಂತ ಬರೆದುಬಿಡುತ್ತಾರಾ ಎಂದು ಕೇಳಿದಳು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಗೆ ಉತ್ತರವಾಗಿ ಮುಂದಿನ ತರಗತಿಯಲ್ಲಿ ರೊನಾಲ್ಡ್ ರಾಸ್ ಅವರ ಜೀವನವನ್ನು ಹೇಳಿದೆ. ಮಕ್ಕಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ರಾಸ್ ಹುಟ್ಟಿದ್ದು ನಮ್ಮ ದೇಶದಲ್ಲೇ, ಹಿಮಾಲಯದ ಮಡಿಲಿನ ಅಲ್ಮೋರದಲ್ಲಿ, 1857ರ ಮೇ 13ರಂದು. ತಂದೆ ಬ್ರಿಟಿಷ್ ಸೈನ್ಯದಲ್ಲಿ ಅಧಿಕಾರಿ. ಹತ್ತು ಮಕ್ಕಳಲ್ಲಿ ಇವರೇ ಹಿರಿಯರು. ಎಂಟನೆಯ ವಯಸ್ಸಿಗೆ ಓದಲೆಂದು ಇಂಗ್ಲೆಂಡಿಗೆ ಕಳಿಸಿದರು. ಹುಡುಗನಿಗೆ ಚಿತ್ರ ಬರೆಯುವ, ಕವಿತೆ ಕಟ್ಟುವ ಹುಚ್ಚು. ಮುಂದೆ ಗಣಿತದ ಹುಚ್ಚೂ ಹಿಡಿಯಿತು. ತಂದೆಗೆ ಮಾತ್ರ ಮಗ ವೈದ್ಯನಾಗಬೇಕೆಂಬ ಹಟ. ಮನಸ್ಸಿಲ್ಲದ ಮನಸ್ಸಿನಿಂದ ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯಲ್ಲಿ ವೈದ್ಯಕೀಯ ಓದಿದರು. 1879ರಲ್ಲಿ ಒಂದು ಪರೀಕ್ಷೆ ಪಾಸಾಯಿತು, ಇನ್ನೊಂದರಲ್ಲಿ ಫೇಲಾದರು. ಕೆಲಕಾಲ ಹಡಗಿನ ವೈದ್ಯರಾಗಿ ದುಡಿದು, ಮತ್ತೆ ಪರೀಕ್ಷೆಗೆ ಕುಳಿತು ಪಾಸಾಗಿ, 1881ರಲ್ಲಿ ಭಾರತದ ವೈದ್ಯಕೀಯ ಸೇವೆಗೆ ಸೇರಿದರು. ನೊಬೆಲ್ ಪಡೆದವರು ಪರೀಕ್ಷೆಯಲ್ಲಿ ಫೇಲಾಗಿದ್ದರು ಎಂದಾಗ ನನ್ನ ತರಗತಿಯ ಹಿಂದಿನ ಬೆಂಚುಗಳು ನೆಟ್ಟಗೆ ಕುಳಿತವು.

1883ರಲ್ಲಿ ಅವರಿಗೆ ಬೆಂಗಳೂರಿನಲ್ಲಿ ಸೈನ್ಯದ ವೈದ್ಯರ ಕೆಲಸ ಸಿಕ್ಕಿತು. ಊರು ಹಿಡಿಸಿತು, ಆದರೆ ಮನೆಯಲ್ಲಿ ಸೊಳ್ಳೆಗಳ ಕಾಟ. ಹುಡುಕಿ ನೋಡಿದಾಗ ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಮರಿಗಳು ಹೊರಳಾಡುತ್ತಿದ್ದವು. ನೀರು ಚೆಲ್ಲಿಸಿದರು, ಸೊಳ್ಳೆ ಕಡಿಮೆಯಾಯಿತು. ಉಳಿದ ಕಡೆಯೂ ಹೀಗೇ ಮಾಡೋಣ ಎಂದರೆ ಮೇಲಿನ ಅಧಿಕಾರಿ ಒಪ್ಪಲಿಲ್ಲ. ಸೊಳ್ಳೆ ಸೃಷ್ಟಿಯಾಗಿರುವುದಕ್ಕೂ ಏನೋ ಕಾರಣ ಇದ್ದೀತು ಎಂಬುದು ಆತನ ಎಣಿಕೆ. ಸೊಳ್ಳೆಗೂ ಚಳಿಜ್ವರಕ್ಕೂ ಸಂಬಂಧವಿದೆಯೆಂದು ಆಗ ರಾಸ್ ಅವರಿಗೂ ತಿಳಿದಿರಲಿಲ್ಲ.

ಆ ಕಾಲದಲ್ಲಿ ಮಲೇರಿಯಾವನ್ನು ಹೇಗೆ ಗುರುತಿಸುತ್ತಿದ್ದರು ಎಂಬುದನ್ನು ಇಲ್ಲಿ ಹೇಳಬೇಕು. ವೈದ್ಯರು ಹಣೆ ಮುಟ್ಟಿ ಜ್ವರ ನೋಡುತ್ತಿದ್ದರು. ಜ್ವರ ದಿನಬಿಟ್ಟು ದಿನ ಬರುತ್ತದೆಯೇ, ಮೊದಲು ನಡುಕ, ಆಮೇಲೆ ಸುಡುವ ಕಾವು, ಕೊನೆಗೆ ಬೆವರು, ಈ ಕ್ರಮ ಇದೆಯೇ ಎಂದು ವಿಚಾರಿಸುತ್ತಿದ್ದರು. ಎಡಪಕ್ಕೆಯ ಕೆಳಗೆ ಬೆರಳೊತ್ತಿ ಗುಲ್ಮ ದೊಡ್ಡದಾಗಿದೆಯೇ ಎಂದು ಪರೀಕ್ಷಿಸುತ್ತಿದ್ದರು. ಜ್ವರ ಅಳೆಯುವ ಥರ್ಮಾಮೀಟರ್ ಒಂದು ಅಡಿಯಷ್ಟು ಉದ್ದವಿದ್ದು, ಇಪ್ಪತ್ತು ನಿಮಿಷ ಹಿಡಿದಿರಬೇಕಾಗುತ್ತಿತ್ತು. ಇಂಗ್ಲೆಂಡಿನ ವೈದ್ಯ ಥಾಮಸ್ ಕ್ಲಿಫರ್ಡ್ ಆಲ್ಬಟ್ 1866ರ ಸುಮಾರಿಗೆ ಅದನ್ನು ಆರು ಇಂಚಿಗೆ ಇಳಿಸಿದರು. ಐದು ನಿಮಿಷದಲ್ಲಿ ಜ್ವರ ತಿಳಿಯತೊಡಗಿತು. ಆದರೆ ಥರ್ಮಾಮೀಟರ್ ಜ್ವರ ಎಷ್ಟು ಎಂದು ಹೇಳುತ್ತದೆ, ಏತಕ್ಕೆ ಎಂದು ಹೇಳುವುದಿಲ್ಲ. ಜೌಗು ನೆಲದ ಕೆಟ್ಟ ಗಾಳಿಯೇ ಕಾರಣ ಎಂದು ಬಹಳ ಜನ ನಂಬಿದ್ದರು. ಮಲೇರಿಯಾ ಎಂಬ ಹೆಸರಿನ ಅರ್ಥವೂ ಕೆಟ್ಟ ಗಾಳಿ ಎಂದೇ.

ಕಾರಣವನ್ನು ಮೊದಲು ಕಂಡವರು ಫ್ರೆಂಚ್ ಸೈನ್ಯದ ವೈದ್ಯ ಲಾವೆರಾನ್. 1880ರ ನವೆಂಬರಿನಲ್ಲಿ ಅಲ್ಜೀರಿಯಾದ ಒಂದು ಆಸ್ಪತ್ರೆಯಲ್ಲಿ ರೋಗಿಯ ರಕ್ತದ ಹನಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡುತ್ತಿದ್ದಾಗ, ಕಪ್ಪು ಚುಕ್ಕೆಗಳನ್ನು ತುಂಬಿಕೊಂಡ ಜೀವಿಯೊಂದು ಅವರಿಗೆ ಕಂಡಿತು. ಅದು ರಕ್ತದ ಕೆಂಪು ಕಣವನ್ನು ತಿಂದು ಬದುಕುತ್ತದೆ. ಆ ಕಪ್ಪು ಚುಕ್ಕೆ ತಿಂದು ಉಳಿದ ಕಸ. ಕೆಂಪು ಕಣ ಎಷ್ಟು ಚಿಕ್ಕದೆಂದರೆ, ನಮ್ಮ ಸ್ಕೇಲಿನ ಒಂದು ಮಿಲಿಮೀಟರಿನಲ್ಲಿ ಸುಮಾರು 140 ಕಣಗಳನ್ನು ಸಾಲಾಗಿ ಇಡಬಹುದು. ಅಂಥ ಕಣದ ಹೊಟ್ಟೆಯೊಳಗಿನ ಚುಕ್ಕೆಯನ್ನು ಹುಡುಕಬೇಕು.

ಭಾರತದಲ್ಲಿದ್ದ ರಾಸ್ ಈ ಸುದ್ದಿ ಓದಿ ತಾವೂ ಹುಡುಕಿದರು. ರೋಗಿಗಳ ಬೆರಳು ಚುಚ್ಚಿ ಹನಿ ಹನಿ ರಕ್ತ ನೋಡಿದರು. ಏನೂ ಕಾಣಲಿಲ್ಲ. ಕಾಣದಿದ್ದಾಗ ಅವರು ಒಂದು ತಪ್ಪು ಮಾಡಿದರು. ನನಗೆ ಕಾಣಲಿಲ್ಲ ಎಂದು ಬರೆಯುವ ಬದಲು, ಲಾವೆರಾನ್ ಹೇಳುವ ಜೀವಿಯೇ ಇಲ್ಲ, ಜ್ವರ ಕರುಳಿನ ಕೆಡುಕಿನಿಂದ ಬರುತ್ತದೆ ಎಂದು ವಾದಿಸಿ ಲೇಖನ ಬರೆದರು. ಇಲ್ಲಿಗೆ ಬಂದಾಗ ನಾನು ಕರಿಹಲಗೆಯ ಮೇಲೆ ಎರಡು ವಾಕ್ಯ ಬರೆದೆ. ಕಾಣಲಿಲ್ಲ. ಇಲ್ಲ. ಇವೆರಡೂ ಒಂದೇನಾ ಎಂದು ಕೇಳಿದೆ. ಮಕ್ಕಳು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಬ್ಬ ಹುಡುಗ, ಕಳೆದುಹೋದ ಆಕಳು ಕಾಣದಿದ್ದರೆ ಸತ್ತಿದೆ ಅಂತ ಅಲ್ಲ ಸರ್ ಎಂದ. ಅದಕ್ಕಿಂತ ಒಳ್ಳೆಯ ಉತ್ತರ ನನ್ನ ಪಾಠ ಯೋಜನೆಯಲ್ಲಿ ಇರಲಿಲ್ಲ.

1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದಾಗ ರಾಸ್ ಅವರು ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯರನ್ನು ಕಂಡರು. ಮ್ಯಾನ್ಸನ್ ವಾದಕ್ಕೆ ಇಳಿಯಲಿಲ್ಲ. ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ರೋಗಿಯ ರಕ್ತದ ಹನಿಯನ್ನು ಗಾಜಿನ ಮೇಲೆ ಹೇಗೆ ತೆಳುವಾಗಿ ಹರಡಬೇಕು, ಬೆಳಕು ಎಷ್ಟಿರಬೇಕು, ಯಾವ ಆಕಾರ ಹುಡುಕಬೇಕು ಎಂದು ತೋರಿಸಿಕೊಟ್ಟರು. ವರ್ಷಗಟ್ಟಲೆ ಕಾಣದಿದ್ದ ಜೀವಿ ಅಂದು ಕಂಡಿತು. ಅಷ್ಟು ದಿನ ಸೂಕ್ಷ್ಮದರ್ಶಕ ಇತ್ತು, ಕಣ್ಣೂ ಇತ್ತು, ತೋರಿಸಿಕೊಡುವವರು ಇರಲಿಲ್ಲ. ರಾಸ್ ತಮ್ಮ ತಪ್ಪನ್ನು ಒಪ್ಪಿಕೊಂಡರು. ಸೊಳ್ಳೆಯೇ ಈ ಜೀವಿಯನ್ನು ಒಯ್ಯುತ್ತಿರಬಹುದು ಎಂಬ ಮ್ಯಾನ್ಸನ್ ಊಹೆಯನ್ನು ತಲೆಯಲ್ಲಿಟ್ಟುಕೊಂಡು 1895ರಲ್ಲಿ ಭಾರತಕ್ಕೆ ಮರಳಿದರು. ಮುಂದೆ ಇಬ್ಬರ ನಡುವೆ ನೂರಕ್ಕೂ ಹೆಚ್ಚು ಪತ್ರಗಳು ಓಡಾಡಿದವು.

ಮ್ಯಾನ್ಸನ್ ಊಹೆಯಲ್ಲಿ ಅರ್ಧ ಸರಿ, ಅರ್ಧ ತಪ್ಪು. ಸೊಳ್ಳೆ ನೀರಿನಲ್ಲಿ ಸಾಯುತ್ತದೆ, ಆ ನೀರು ಕುಡಿದವರಿಗೆ ಜ್ವರ ಬರುತ್ತದೆ ಎಂದು ಅವರು ಎಣಿಸಿದ್ದರು. ರಾಸ್ ಹಣ ಕೊಟ್ಟು ಕೆಲವರಿಗೆ ಅಂಥ ನೀರು ಕುಡಿಸಿಯೂ ನೋಡಿದರು. ಹಾಗೆ ಮಾಡುವುದನ್ನು ಇಂದು ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಪರೀಕ್ಷೆ ಗುರುವಿನ ಊಹೆಯನ್ನು ಎತ್ತಿ ಹಿಡಿಯಲಿಲ್ಲ. ಸೊಳ್ಳೆ ಕಚ್ಚುವುದರಿಂದಲೇ ರೋಗ ಬರುತ್ತಿರಬಹುದೇ ಎಂಬ ಕಡೆ ರಾಸ್ ನಿಧಾನಕ್ಕೆ ಹೊರಳಿದರು.

ಆ ನಡುವೆ 1895ರ ಸೆಪ್ಟೆಂಬರಿನಲ್ಲಿ ಅವರನ್ನು ಕಾಲರಾ ತಡೆಯಲೆಂದು ಮತ್ತೆ ಬೆಂಗಳೂರಿಗೆ ಕಳಿಸಿದರು. ಹಗಲು ಚರಂಡಿ, ಬಾವಿ, ನೀರಿನ ಕೆಲಸ. ಬಿಡುವು ಸಿಕ್ಕಾಗ ಸೊಳ್ಳೆ. 1897ರಲ್ಲಿ ಊಟಿಯ ಕಡೆಯ ಸಿಗೂರು ಕಣಿವೆಯಲ್ಲಿ ಹುಡುಕುತ್ತಿದ್ದಾಗ ಸ್ವತಃ ಅವರಿಗೇ ಮಲೇರಿಯಾ ಬಂತು. ತಿರುಗಾಟದಲ್ಲಿ ದೊಡ್ಡ ಉಪಕರಣ ಹೊತ್ತೊಯ್ಯುವುದು ಕಷ್ಟವೆಂದು, ಸುಲಭವಾಗಿ ಒಯ್ಯಬಹುದಾದ ಚಿಕ್ಕ ಸೂಕ್ಷ್ಮದರ್ಶಕವೊಂದರ ವಿನ್ಯಾಸವನ್ನೂ ಅವರು ಮಾಡಿದರು. ಲಂಡನ್ನಿನ ಬೇಕರ್ ಕಂಪನಿ ಅದನ್ನು ತಯಾರಿಸಿತು.

1897ರ ಬೇಸಿಗೆಯ ಕೊನೆಗೆ ಅವರು ಸಿಕಂದರಾಬಾದಿನಲ್ಲಿದ್ದರು. ಸಣ್ಣ ಆಸ್ಪತ್ರೆ, ಬಿಸಿ ಕೋಣೆ. ಪಂಖಾ ಬೀಸಿಸುವಂತಿಲ್ಲ, ಬೀಸಿದರೆ ಕೊಯ್ದಿಟ್ಟ ಸೊಳ್ಳೆ ಹಾರಿಹೋಗುತ್ತದೆ. ಹಣೆಯ ಬೆವರು ಬಿದ್ದು ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದವು. ಕಣ್ಣಿಡುವ ಕಡೆಯ ಮಸೂರದಲ್ಲಿ ಬಿರುಕು ಬಿದ್ದಿತ್ತು. ಒಂದೊಂದು ಸೊಳ್ಳೆಯನ್ನೂ ಸೂಜಿಯಿಂದ ಬಿಡಿಸಿ, ಗಂಟೆಗಟ್ಟಲೆ ಅಂಗುಲ ಅಂಗುಲ ಶೋಧಿಸಬೇಕು. ಸಾಮಾನ್ಯ ಸೊಳ್ಳೆಗಳಲ್ಲಿ ಏನೂ ಸಿಗಲಿಲ್ಲ. ಆಗಸ್ಟ್ ನಡುವಿನಲ್ಲಿ ಅವರ ಸಹಾಯಕರೊಬ್ಬರು ಬೇರೆ ಜಾತಿಯ ಮರಿಗಳನ್ನು ತಂದರು. ರೆಕ್ಕೆಯ ಮೇಲೆ ಚುಕ್ಕೆಗಳಿದ್ದ ಕಂದು ಸೊಳ್ಳೆಗಳವು. ನಾವು ಅನಾಫಿಲಿಸ್ ಎಂದು ಓದುವ ಜಾತಿ. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಯನ್ನು ಅವುಗಳಿಂದ ಕಚ್ಚಿಸಿದರು. ಒಂದು ಸೊಳ್ಳೆ ಕಚ್ಚಿದರೆ ಒಂದು ಆಣೆ ಕೂಲಿ.

ಆಗಸ್ಟ್ 20ರಂದು ಉಳಿದಿದ್ದ ಸೊಳ್ಳೆಗಳಲ್ಲಿ ಒಂದನ್ನು ಬಿಡಿಸಿದರು. ಅದರ ಹೊಟ್ಟೆಯ ಗೋಡೆಯಲ್ಲಿ ದುಂಡಗಿನ ಕೋಶಗಳು, ಅವುಗಳೊಳಗೆ ಕಪ್ಪು ಚುಕ್ಕೆಗಳು. ಸೊಳ್ಳೆಯ ಹೊಟ್ಟೆಯಲ್ಲಿ ಇರಬಾರದ ಚುಕ್ಕೆಗಳು. ಮೂರು ವರ್ಷದ ಹಿಂದೆ ಮ್ಯಾನ್ಸನ್ ಮನುಷ್ಯರ ರಕ್ತದಲ್ಲಿ ತೋರಿಸಿಕೊಟ್ಟಿದ್ದು ಇಂಥವನ್ನೇ. ಮರುದಿನ ಕೊನೆಯ ಸೊಳ್ಳೆಯಲ್ಲಿ ಆ ಕೋಶಗಳು ಇನ್ನಷ್ಟು ದೊಡ್ಡದಾಗಿದ್ದವು. ಅಂದರೆ ಜೀವಿ ಸೊಳ್ಳೆಯೊಳಗೆ ಬೆಳೆಯುತ್ತಿತ್ತು. ಲಂಡನ್ನಿನಲ್ಲಿ ಕಣ್ಣು ಪಳಗದೇ ಇದ್ದಿದ್ದರೆ, ರಾಸ್ ಅಂದೂ ಏನೂ ಇಲ್ಲವೆಂದು ಆ ಗಾಜನ್ನು ತೊಳೆದು ಇಟ್ಟುಬಿಡುತ್ತಿದ್ದರೇನೋ.

ಮುಂದೆ ಕೋಲ್ಕತ್ತದಲ್ಲಿ, ಸಹಾಯಕ ಮಹಮ್ಮದ್ ಬಕ್ಷ್ ಅವರ ನೆರವಿನಿಂದ ಹಕ್ಕಿಗಳ ಮಲೇರಿಯಾ ಹಿಡಿದು ಕೆಲಸ ಮಾಡಿದರು. 1898ರ ಜುಲೈನಲ್ಲಿ ರೋಗಾಣು ಸೊಳ್ಳೆಯ ಜೊಲ್ಲಿನ ಗ್ರಂಥಿಗೆ ಬಂದು ಸೇರುವುದನ್ನು ಕಂಡು, ಕಚ್ಚುವುದರಿಂದಲೇ ರೋಗ ಹರಡುತ್ತದೆ ಎಂದು ತೋರಿಸಿದರು. ಮನುಷ್ಯರ ಮಲೇರಿಯಾದಲ್ಲೂ ಹೀಗೇ ಎಂಬುದನ್ನು ಇಟಲಿಯ ಗ್ರಾಸ್ಸಿ ಮತ್ತು ಅವರ ಸಂಗಡಿಗರು ತೋರಿಸಿದರು. ಯಾರು ಮೊದಲು ಎಂಬ ಜಗಳ ಬಹಳ ಕಾಲ ನಡೆಯಿತು, ಅದರಲ್ಲಿ ರಾಸ್ ಅವರ ಮಾತು ಕಟುವಾಗಿಯೇ ಇತ್ತು. 1902ರಲ್ಲಿ ಅವರಿಗೆ ವೈದ್ಯಕೀಯ ನೊಬೆಲ್ ಬಂತು. ಲಾವೆರಾನ್ ಅವರಿಗೆ 1907ರಲ್ಲಿ ಬಂತು. ಕೂಲಿಗೆ ತೋಳು ಕೊಟ್ಟ ಹುಸೇನ್ ಖಾನ್, ಸೊಳ್ಳೆ ಹಿಡಿದುಕೊಟ್ಟ ಸಹಾಯಕರು, ಇವರನ್ನು ನೆನೆಯುವವರು ಕಡಿಮೆ. ರಾಸ್ 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡರು. ಆಗಸ್ಟ್ 20 ಇಂದಿಗೂ ಸೊಳ್ಳೆ ದಿನ.

ಕಥೆ ಮುಗಿಸಿ ಹುಡುಗಿಯ ಪ್ರಶ್ನೆಗೆ ಬಂದೆ. ರಕ್ತದ ಲೇಪ ನೋಡುವವರಿಗೆ ಅದಕ್ಕೆಂದೇ ತರಬೇತಿ ಇರುತ್ತದೆ, ಲೇಪಕ್ಕೆ ಬಣ್ಣ ಹಾಕಿ, ಎಣ್ಣೆಯ ಹನಿ ಬಿಟ್ಟು, ಸಾವಿರ ಪಟ್ಟು ದೊಡ್ಡದಾಗಿಸಿ ನೋಡುತ್ತಾರೆ. ಗಾಜನ್ನು ಸರಿಸುತ್ತ ಕನಿಷ್ಠ ನೂರು ಕಡೆ ಹುಡುಕಿದ ಮೇಲೆಯೇ ಇಲ್ಲ ಎಂದು ಬರೆಯುವುದು ನಿಯಮ. ಆಮೇಲೂ ಜ್ವರ ಬಿಡದಿದ್ದರೆ ಮತ್ತೆ ರಕ್ತ ತೆಗೆಯಬೇಕು. ಇದನ್ನು ಮನೆಯಲ್ಲಿ ಹೇಳು ಎಂದೆ. ನಾಲ್ಕು ದಿನದ ನಂತರ ತಮ್ಮನ ಜ್ವರ ಬಿಟ್ಟಿತೆಂದು ಅವಳೇ ಬಂದು ಹೇಳಿದಳು. ಲೇಪದಲ್ಲಿ ಮಲೇರಿಯಾ ಇರಲಿಲ್ಲವಂತೆ.

ಆ ವಾರವೇ ಉಳ್ಳಾಗಡ್ಡಿಯ ಪಾಠವನ್ನು ಮತ್ತೊಮ್ಮೆ ಮಾಡಿದೆ. ಮೊದಲು ಎಲ್ಲರೆದುರು ಆ ಹುಡುಗಿಯ ಹತ್ತಿರ, ಅಂದು ನನ್ನದೇ ತಪ್ಪು, ನೀನು ಹೇಳಿದ್ದೇ ಸರಿ ಎಂದೆ. ಕರಿಹಲಗೆಯ ಮೇಲೆ ಗಾಳಿಗುಳ್ಳೆ ಹೇಗಿರುತ್ತದೆ, ನಮ್ಮದೇ ರೆಪ್ಪೆಗೂದಲು ಹೇಗೆ ಕಾಣುತ್ತದೆ, ಜೀವಕೋಶ ಹೇಗಿರುತ್ತದೆ ಎಂದು ಮೂರು ಚಿತ್ರ ಬರೆದೆ. ಕನ್ನಡಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸುವುದನ್ನು ಐದೈದು ಮಕ್ಕಳ ಗುಂಪಿನಲ್ಲಿ ಮಾಡಿಸಿದೆ. ಕಂಡಿತು ಎಂದವರು ಕಂಡದ್ದರ ಚಿತ್ರ ಬರೆಯಬೇಕು, ಕಾಣದವರು ಕಾಣಲಿಲ್ಲ ಎಂದು ಬರೆಯಬೇಕು ಎಂದೆ. ಹನ್ನೊಂದು ಮಕ್ಕಳು ಕಾಣಲಿಲ್ಲ ಎಂದು ಬರೆದರು. ಅವರ ಜೊತೆ ಒಬ್ಬೊಬ್ಬರಾಗಿ ಕುಳಿತೆ. ಒಂದು ತಾಸಿನ ಪಾಠಕ್ಕೆ ಎರಡು ತಾಸು ಹಿಡಿಯಿತು, ಮಾರ್ಗದರ್ಶಕರು ಸಮಯ ಪಾಲನೆಗೆ ಅಂಕ ಕಳೆದರು. ಆ ಹುಡುಗಿ ಇಟ್ಟಿಗೆ ಗೋಡೆಯಂತೆ ಒತ್ತೊತ್ತಾದ ಕೋಶಗಳನ್ನು ಬರೆದು, ಒಂದೊಂದರ ಒಳಗೂ ಒಂದು ಚುಕ್ಕೆ ಇಟ್ಟಿದ್ದಳು. ಕೋಶಕೇಂದ್ರದ ಬಗ್ಗೆ ನಾನು ಇನ್ನೂ ಪಾಠ ಮಾಡಿರಲಿಲ್ಲ.