ಕೆ. ಶಿವರಾಮ ಕಾರಂತ

ಕೋಟ ಶಿವರಾಮ ಕಾರಂತ (ಅಕ್ಟೋಬರ್ 10, 1902 – ಡಿಸೆಂಬರ್ 9, 1997) ಕನ್ನಡದ ಪ್ರಮುಖ ಕಾದಂಬರಿಕಾರರು. ಯಕ್ಷಗಾನ ಸಂಶೋಧಕರು, ವಿಶ್ವಕೋಶ ರಚನಕಾರರು ಹಾಗೂ ಪರಿಸರ ಹೋರಾಟಗಾರರೂ ಆಗಿದ್ದ ಅವರು ಚಲನಚಿತ್ರಗಳನ್ನೂ ನಿರ್ದೇಶಿಸಿದರು. ಜ್ಞಾನಪೀಠ ಪ್ರಶಸ್ತಿ ಪಡೆದ ಮೂರನೆಯ ಕನ್ನಡ ಸಾಹಿತಿ ಇವರು. ತಾವು ಕಂಡ ಲೋಕವನ್ನು ಜನಸಾಮಾನ್ಯರಿಗೆ ತಲುಪಿಸಲು ಬರಹದ ಜೊತೆಗೆ ರಂಗಭೂಮಿ ಮತ್ತು ಚಲನಚಿತ್ರ ಮಾಧ್ಯಮಗಳನ್ನೂ ಬಳಸಿಕೊಂಡರು.

ಜನನ ಮತ್ತು ಆರಂಭದ ವರ್ಷಗಳು

ಕಾರಂತರು ಈಗಿನ ಉಡುಪಿ ಜಿಲ್ಲೆಯ ಕೋಟದಲ್ಲಿ ಜನಿಸಿದರು. ತಂದೆ ಶೇಷ ಕಾರಂತ, ತಾಯಿ ಲಕ್ಷ್ಮಮ್ಮ. ಗಾಂಧೀಜಿಯವರ ಅಸಹಕಾರ ಚಳವಳಿಯ ಪ್ರಭಾವಕ್ಕೆ ಒಳಗಾಗಿ ಕಾಲೇಜು ಶಿಕ್ಷಣವನ್ನು ಅರ್ಧಕ್ಕೆ ಬಿಟ್ಟರು. ಖಾದಿ ಪ್ರಚಾರ ಹಾಗೂ ಸಮಾಜ ಸುಧಾರಣೆಯ ಕಾರ್ಯಗಳಲ್ಲಿ ತೊಡಗಿ ಊರೂರು ಸುತ್ತಿದರು. 'ವಸಂತ' ಎಂಬ ಪತ್ರಿಕೆಯನ್ನೂ ನಡೆಸಿದರು. ಪದವಿಯ ಓದಿನಿಂದ ದೊರೆಯದ ಅನುಭವವು ಈ ತಿರುಗಾಟದಲ್ಲಿ ಅವರಿಗೆ ದೊರೆಯಿತು.

ಚಲನಚಿತ್ರದ ಪ್ರಯೋಗಗಳು

1930ರ ಸುಮಾರಿಗೆ ಕಾರಂತರು 'ಡೊಮಿಂಗೊ' ಮತ್ತು 'ಭೂತರಾಜ್ಯ' ಎಂಬ ಮೂಕಿಚಿತ್ರಗಳನ್ನು ತಯಾರಿಸಿದರು. ಕನ್ನಡದಲ್ಲಿ ವಾಕ್ಚಿತ್ರವು ತೆರೆಗೆ ಬಂದದ್ದು 1934ರಲ್ಲಿ. ಅದಕ್ಕೂ ಮೊದಲೇ ಅವರು ಈ ಮಾಧ್ಯಮದಲ್ಲಿ ಪ್ರಯೋಗ ನಡೆಸಿದ್ದರು.

1933ರಲ್ಲಿ ಪ್ರಕಟವಾದ 'ಚೋಮನ ದುಡಿ' ಕಾದಂಬರಿಯು ಸ್ವಂತ ಬೇಸಾಯದ ಕನಸು ಕಂಡ ಅಸ್ಪೃಶ್ಯ ಜೀತಗಾರನೊಬ್ಬನ ದುರಂತವನ್ನು ಚಿತ್ರಿಸುತ್ತದೆ. ದುಡಿಯಲು ತೋಳುಗಳಿದ್ದರೂ ಉಳಲು ಭೂಮಿ ದೊರೆಯದ ಚೋಮನ ಸಂಕಟವು ಕನ್ನಡ ಕಾದಂಬರಿಗೆ ಹೊಸ ವಸ್ತುವಾಗಿತ್ತು. 1975ರಲ್ಲಿ ಬಿ. ವಿ. ಕಾರಂತರು ಇದನ್ನು ಚಲನಚಿತ್ರವಾಗಿ ನಿರ್ದೇಶಿಸಿದರು. ಚಿತ್ರಕಥೆಯನ್ನು ಶಿವರಾಮ ಕಾರಂತರೇ ಬರೆದರು. ಚಿತ್ರಕ್ಕೆ ಸ್ವರ್ಣಕಮಲ ಪ್ರಶಸ್ತಿಯೂ ಚೋಮನ ಪಾತ್ರಧಾರಿ ಎಂ. ವಿ. ವಾಸುದೇವ ರಾವ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿಯೂ ಲಭಿಸಿದವು.

ಪಶ್ಚಿಮಘಟ್ಟದ ಮಲೆಕುಡಿಯರ ಬಾಳನ್ನು ಕುರಿತ 'ಕುಡಿಯರ ಕೂಸು' ಕಾದಂಬರಿಯನ್ನು ಕಾರಂತರು 'ಮಲೆಯ ಮಕ್ಕಳು' ಎಂಬ ಹೆಸರಿನಲ್ಲಿ ತಾವೇ ನಿರ್ದೇಶಿಸಿದರು. 1978ರಲ್ಲಿ ಈ ಚಿತ್ರ ಸಿದ್ಧವಾದಾಗ ಅವರ ವಯಸ್ಸು ಎಪ್ಪತ್ತೈದನ್ನು ದಾಟಿತ್ತು.

ಕಾದಂಬರಿಗಳು

ಕಾರಂತರು ನಲವತ್ತಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದಿದ್ದಾರೆ. ಕಡಲತೀರದ ಕುಟುಂಬವೊಂದರ ಮೂರು ತಲೆಮಾರುಗಳ ಕಥೆಯಾದ 'ಮರಳಿ ಮಣ್ಣಿಗೆ', ಕಾಡಿನ ನಡುವೆ ಬದುಕು ಕಟ್ಟಿಕೊಂಡ ವೃದ್ಧ ದಂಪತಿಗಳ ಚಿತ್ರಣವಿರುವ 'ಬೆಟ್ಟದ ಜೀವ' ಹಾಗೂ ಅಜ್ಜಿಯೊಬ್ಬಳ ಒಳನೋಟಗಳ ಮೂಲಕ ಮನುಷ್ಯನ ನಂಬಿಕೆಗಳ ಇತಿಹಾಸವನ್ನು ಶೋಧಿಸುವ 'ಮೂಕಜ್ಜಿಯ ಕನಸುಗಳು' ಅವುಗಳಲ್ಲಿ ಪ್ರಸಿದ್ಧವಾದವು.

ಜ್ಞಾನಪ್ರಸಾರ

ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲ ಪ್ರಪಂಚ'ವನ್ನೂ ವಯಸ್ಕರಿಗಾಗಿ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನೂ ಕಾರಂತರು ಒಬ್ಬರೇ ರಚಿಸಿದರು. ವಿದ್ವಾಂಸರ ಮಂಡಲಿ ಕೈಗೊಳ್ಳಬೇಕಾದ ಕೆಲಸವಿದು. ಇಂಗ್ಲಿಷ್ ಬಾರದ ಓದುಗನಿಗೂ ಆಧುನಿಕ ವಿಜ್ಞಾನ ತಿಳಿಯಬೇಕೆಂಬುದು ಇದರ ಉದ್ದೇಶವಾಗಿತ್ತು. ಪುತ್ತೂರಿನಲ್ಲಿ ಅವರು ನೆಲೆಸಿದ್ದ 'ಬಾಲವನ'ವು ಮಕ್ಕಳ ಶಿಕ್ಷಣದ ಪ್ರಯೋಗಶಾಲೆಯೂ ಆಗಿತ್ತು. ಯಕ್ಷಗಾನದ ಚರಿತ್ರೆಯನ್ನು ಸಂಶೋಧಿಸಿದುದಲ್ಲದೆ, ಅದನ್ನು ನೃತ್ಯರೂಪಕವಾಗಿ ಅಳವಡಿಸಿ ವಿದೇಶಗಳಲ್ಲಿಯೂ ಪ್ರದರ್ಶಿಸಿದರು.

ಸಾರ್ವಜನಿಕ ಜೀವನ

ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಕಾರಂತರು ತಮಗೆ ಸಂದಿದ್ದ ಪದ್ಮಭೂಷಣವನ್ನು ಹಿಂದಿರುಗಿಸಿದರು. ಕಾಳಿ ನದಿಯ ದಡದಲ್ಲಿ ಸ್ಥಾಪನೆಯಾಗಲಿದ್ದ ಕೈಗಾ ಅಣುವಿದ್ಯುತ್ ಸ್ಥಾವರವನ್ನು ವಿರೋಧಿಸಿದರು. ಈ ಪ್ರಶ್ನೆಯನ್ನೇ ಜನರ ಮುಂದಿಟ್ಟು 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿದಾಗ ಅವರಿಗೆ ಎಂಬತ್ತೇಳು ವರ್ಷ. ಚುನಾವಣೆಯಲ್ಲಿ ಸೋತರು, ಸ್ಥಾವರವೂ ನಿರ್ಮಾಣವಾಯಿತು. ಆದರೆ ಅಭಿವೃದ್ಧಿಗಾಗಿ ಕಾಡು ಮತ್ತು ನದಿಗಳು ತೆರಬೇಕಾದ ಬೆಲೆಯ ಪ್ರಶ್ನೆಯು ರಾಜ್ಯದಲ್ಲಿ ಚರ್ಚೆಯ ವಿಷಯವಾಯಿತು.

ಪ್ರಶಸ್ತಿ ಮತ್ತು ಗೌರವಗಳು

1955ರಲ್ಲಿ ಮೈಸೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಕಾರಂತರು ಅಧ್ಯಕ್ಷರಾಗಿದ್ದರು. 'ಯಕ್ಷಗಾನ ಬಯಲಾಟ' ಕೃತಿಗೆ 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ 'ಮೂಕಜ್ಜಿಯ ಕನಸುಗಳು' ಕಾದಂಬರಿಗೆ 1977ರ ಜ್ಞಾನಪೀಠ ಪ್ರಶಸ್ತಿಯೂ ದೊರೆತವು.

ನಿಧನ ಮತ್ತು ಪರಂಪರೆ

ಕಾರಂತರು ತಮ್ಮ ತೊಂಬತ್ತೈದನೆಯ ವಯಸ್ಸಿನಲ್ಲಿ ಮಣಿಪಾಲದಲ್ಲಿ ನಿಧನರಾದರು. ಅವರ ಕೃತಿಗಳು ಮುಂದೆಯೂ ಚಿತ್ರರಂಗವನ್ನು ಸೆಳೆದವು: ಟಿ. ಎಸ್. ನಾಗಾಭರಣ ಅವರು 'ಚಿಗುರಿದ ಕನಸು' ಕಾದಂಬರಿಯನ್ನೂ ಪಿ. ಶೇಷಾದ್ರಿ ಅವರು 'ಬೆಟ್ಟದ ಜೀವ' ಮತ್ತು 'ಮೂಕಜ್ಜಿಯ ಕನಸುಗಳು' ಕಾದಂಬರಿಗಳನ್ನೂ ತೆರೆಗೆ ತಂದರು. ಪುತ್ತೂರಿನ ಬಾಲವನವು ಇಂದು ಅವರ ಸ್ಮಾರಕವಾಗಿ ಉಳಿದಿದೆ.