ಹಿಲ್ಡೆ ಮಾಂಗೋಲ್ಡ್

ಕೆರೆಯಂಚಿನಲ್ಲಿ ಕಪ್ಪೆಯ ತತ್ತಿಗಳನ್ನು ಕಾಣದವರು ನಮ್ಮಲ್ಲಿ ವಿರಳ. ದುಂಡಗಿರುವ ಆ ಕಣದಲ್ಲಿ ತಲೆಯಾವುದು, ಬಾಲವಾವುದು ಎಂದು ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ. ಆದರೆ ಕೆಲವೇ ದಿನಗಳಲ್ಲಿ ಅದರಿಂದ ಮುಂದೆ ತಲೆಯೂ ಹಿಂದೆ ಬಾಲವೂ ಉಳ್ಳ ಮರಿಯೊಂದು ಹೊರಬೀಳುತ್ತದೆ. ಈ ಹಿಂದು ಮುಂದುಗಳ ಕ್ರಮವನ್ನು ಏರ್ಪಡಿಸುವುದು ಯಾವುದು? ಈ ಪ್ರಶ್ನೆಗೆ ಉತ್ತರದ ಬಾಗಿಲನ್ನು ತೆರೆದವರಲ್ಲಿ ಇಪ್ಪತ್ತೈದನೆಯ ವಯಸ್ಸಿನಲ್ಲಿಯೇ ತೀರಿಕೊಂಡ ಓರ್ವ ಜರ್ಮನ್ ಮಹಿಳೆಯು ಮುಖ್ಯಳಾದವಳು. ಆಕೆಯ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆವು.

ಹಿಲ್ಡೆ ಪ್ರೊಯ್‌ಶೋಲ್ಟ್‌ರವರು 1898ನೆಯ ಇಸವಿ ಅಕ್ಟೋಬರ್ 20ರಂದು ಜರ್ಮನಿಯ ಥುರಿಂಗಿಯಾ ಪ್ರಾಂತದ ಗೋಥಾ ಪಟ್ಟಣದಲ್ಲಿ ಜನಿಸಿದರು. ತಂದೆಯವರಿಗೆ ಸಾಬೂನಿನ ಕಾರ್ಖಾನೆ ಇದ್ದಿತು. ಆ ಕಾಲದಲ್ಲಿ ಜರ್ಮನಿಯ ವಿಶ್ವವಿದ್ಯಾಲಯಗಳು ಸ್ತ್ರೀಯರಿಗೆ ಬಾಗಿಲು ತೆರೆದು ಹೆಚ್ಚು ವರ್ಷಗಳಾಗಿರಲಿಲ್ಲ. ಹಿಲ್ಡೆಯವರು ಮೊದಲು ಯೇನಾದಲ್ಲಿಯೂ ಅನಂತರ ಫ್ರಾಂಕ್‌ಫರ್ಟಿನಲ್ಲಿಯೂ ವ್ಯಾಸಂಗ ಮಾಡಿದರು. ಫ್ರಾಂಕ್‌ಫರ್ಟಿನಲ್ಲಿರುವಾಗ ಹಾನ್ಸ್ ಶ್ಪೇಮನ್ ಎಂಬ ಪ್ರಸಿದ್ಧ ಪ್ರಾಣಿಶಾಸ್ತ್ರಜ್ಞರ ಉಪನ್ಯಾಸವನ್ನು ಕೇಳುವ ಸುಯೋಗವು ಅವರಿಗೆ ದೊರಕಿತು. ಭ್ರೂಣದ ಬೆಳವಣಿಗೆಯ ವಿಷಯವು ಅವರ ಮನಸ್ಸನ್ನು ಸೆಳೆಯಿತು. 1920ರಲ್ಲಿ ಅವರು ಫ್ರೈಬುರ್ಗಿಗೆ ಹೋಗಿ ಶ್ಪೇಮನ್ನರ ಶಿಷ್ಯೆಯಾದರು.

ಮೊದಲ ಕಾರ್ಯವು ಫಲಿಸಲಿಲ್ಲ. ಹೈಡ್ರಾ ಎಂಬ ಚಿಕ್ಕ ಜಲಜಂತುವನ್ನು, ಚೀಲದ ಒಳಭಾಗವನ್ನು ಹೊರಮಾಡುವಂತೆ, ತಿರುವಿಹಾಕಬೇಕೆಂಬ ಹಳೆಯ ಪ್ರಯೋಗವೊಂದನ್ನು ಗುರುಗಳು ಅವರಿಗೆ ಒಪ್ಪಿಸಿದ್ದರು. ಎಷ್ಟು ಯತ್ನಿಸಿದರೂ ಅದು ಕೈಗೂಡಲಿಲ್ಲ. ಅವರು ಎದೆಗುಂದದೆ ಬೇರೆ ಕೆಲಸವನ್ನು ಕೇಳಿಕೊಂಡರು. ಆಗ, 1921ರ ವಸಂತದಲ್ಲಿ, ಗುರುಗಳು ಕೊಟ್ಟ ಕಾರ್ಯವೇ ಅವರ ಹೆಸರನ್ನು ಶಾಶ್ವತಗೊಳಿಸಿತು.

ನ್ಯೂಟ್ ಎಂಬುದು ನೋಡಲು ಹಲ್ಲಿಯಂತಿದ್ದರೂ ಕಪ್ಪೆಗೆ ಬಂಧುವಾದ ಪ್ರಾಣಿ. ಅದರ ತತ್ತಿಯು ಹಲವು ಜೀವಕೋಶಗಳಾಗಿ ಒಡೆದ ಮೇಲೆ ಒಂದು ಮಗ್ಗುಲಲ್ಲಿ ಸಣ್ಣ ಬಾಯಿಯಂತಹ ಕುಳಿಯು ಮೂಡುತ್ತದೆ. ಹೊರಗಿನ ಜೀವಕೋಶಗಳು ಅದರ ಮೇಲ್ದುಟಿಯನ್ನು ಸುತ್ತಿಕೊಂಡು ಒಳಗೆ ಸರಿಯುತ್ತವೆ. ಮೊದಲು ಸರಿದವು ಬಹುದೂರ ಹೋಗಿ ಮುಂದೆ ತಲೆಯಾಗುವ ಭಾಗದ ಕೆಳಗೆ ನೆಲಸುತ್ತವೆ. ಅನಂತರ ಸರಿದವು ಮುಂಡ ಮತ್ತು ಬಾಲಗಳ ಕೆಳಗೆ ನಿಲ್ಲುತ್ತವೆ. ಈ ಮೇಲ್ದುಟಿಯಲ್ಲಿ ವಿಶೇಷ ಶಕ್ತಿಯಿರಬೇಕೆಂದು ಶ್ಪೇಮನ್ನರು ಮೊದಲೇ ಶಂಕಿಸಿದ್ದರು. ಆದರೆ ಅದರ ತುಣುಕನ್ನು ಅದೇ ಜಾತಿಯ ಬೇರೊಂದು ಭ್ರೂಣದಲ್ಲಿ ನೆಟ್ಟಾಗ, ಹೊಸದಾಗಿ ಬೆಳೆದುದರಲ್ಲಿ ನೆಟ್ಟ ತುಣುಕು ಯಾವುದು, ಆಶ್ರಯ ಕೊಟ್ಟ ಭ್ರೂಣದ ಭಾಗ ಯಾವುದು ಎಂದು ಬೇರ್ಪಡಿಸುವ ಉಪಾಯವಿರಲಿಲ್ಲ. ಆದ್ದರಿಂದ ಎರಡು ಜಾತಿಯ ನ್ಯೂಟುಗಳನ್ನು ಆರಿಸಲಾಯಿತು. ಒಂದರ ಭ್ರೂಣವು ಬಿಳಿಚಿಕೊಂಡಿರುವುದು, ಇನ್ನೊಂದರದು ಕಂದುಬಣ್ಣದ್ದು. ಬಣ್ಣವೇ ಸಾಕ್ಷಿಯಾಗಬೇಕಾಗಿದ್ದಿತು.

ಕೆಲಸವು ಅತ್ಯಂತ ಸೂಕ್ಷ್ಮವಾದುದು. ಸಾಸಿವೆಯ ಕಾಳಿನಷ್ಟಿರುವ ಭ್ರೂಣವನ್ನು ಸೂಕ್ಷ್ಮದರ್ಶಕದ ಕೆಳಗಿರಿಸಿ, ಎಳೆದು ಮೊನೆಮಾಡಿದ ಗಾಜಿನ ಸೂಜಿಯಿಂದಲೂ ಎಳೆಗೂಸಿನ ಕೂದಲಿನ ಕುಣಿಕೆಯಿಂದಲೂ ತುಣುಕನ್ನು ಕತ್ತರಿಸಿ ತೆಗೆಯಬೇಕು; ಇನ್ನೊಂದು ಭ್ರೂಣದ ಹೊಟ್ಟೆಯ ಚರ್ಮವಾಗತಕ್ಕ ಸ್ಥಳದಲ್ಲಿ ಅದನ್ನು ನೆಡಬೇಕು. ನ್ಯೂಟುಗಳು ತತ್ತಿಯಿಡುವುದು ವಸಂತಕಾಲದಲ್ಲಿ ಮಾತ್ರ. ಆ ಕಾಲ ಕಳೆದರೆ ಮುಂದಿನ ವರ್ಷದವರೆಗೆ ಕಾಯಬೇಕು. ಸೋಂಕನ್ನು ತಡೆಯುವ ಔಷಧಗಳು ಆಗ ಇರಲಿಲ್ಲವಾದುದರಿಂದ ಬಹುಪಾಲು ಭ್ರೂಣಗಳು ನಾಶವಾದುವು. ಹಿಲ್ಡೆಯವರು 1921 ಮತ್ತು 1922ರ ಎರಡು ವಸಂತಗಳಲ್ಲಿ ಬೇಸರಪಡದೆ ಈ ಪ್ರಯೋಗವನ್ನು ಮಾಡುತ್ತಲೇ ಇದ್ದರು.

ಉಳಿದುಕೊಂಡ ಕೆಲವೇ ಭ್ರೂಣಗಳು ಸಾಕಾದುವು. ಕಂದುಬಣ್ಣದ ಭ್ರೂಣದ ಮಗ್ಗುಲಲ್ಲಿ ಎರಡನೆಯ ಭ್ರೂಣವೊಂದು, ತನ್ನದೇ ಆದ ಬೆನ್ನು ನರನಾಳಗಳೊಡನೆ, ಜೋಡಿಮಗುವಿನಂತೆ ಬೆಳೆದು ನಿಂತಿತು. ಅದನ್ನು ತೆಳ್ಳಗೆ ಸೀಳಿ ನೋಡಲು, ಬೆನ್ನಿನ ಮೃದುದಂಡವು ಬಹುಮಟ್ಟಿಗೆ ಬಿಳಿಚಿದ ಜೀವಕೋಶಗಳಿಂದಲೂ ನರನಾಳವು ಬಹುಮಟ್ಟಿಗೆ ಕಂದು ಜೀವಕೋಶಗಳಿಂದಲೂ ಆಗಿದ್ದಿತು. ನೆಟ್ಟ ತುಣುಕು ತಾನೊಂದೇ ಬೆಳೆದು ಮರಿಯಾಗಿರಲಿಲ್ಲ. ಹೊಟ್ಟೆಯ ಚರ್ಮವಾಗಬೇಕಾಗಿದ್ದ ನೆರೆಯ ಜೀವಕೋಶಗಳನ್ನು ನರವಾಗುವಂತೆ ಪ್ರೇರಿಸಿ, ಅವುಗಳೊಡನೆ ಕೂಡಿ ಒಂದು ಕ್ರಮಬದ್ಧವಾದ ದೇಹವನ್ನು ಕಟ್ಟಿದ್ದಿತು. ಆದುದರಿಂದ ಆ ಮೇಲ್ದುಟಿಗೆ ಸಂಘಟಕವೆಂಬ ಹೆಸರು ಬಂದಿತು.

1921ರಲ್ಲಿ ಅವರು ಅದೇ ಪ್ರಯೋಗಶಾಲೆಯ ಒಟ್ಟೋ ಮಾಂಗೋಲ್ಡರನ್ನು ವಿವಾಹವಾದರು. 1923ರಲ್ಲಿ ಡಾಕ್ಟರ್ ಪದವಿಯು ಲಭಿಸಿತು. ಆ ವರ್ಷದ ಕೊನೆಗೆ ಗಂಡುಮಗು ಜನಿಸಿತು. ಪ್ರಬಂಧವನ್ನು ಪ್ರಕಟಿಸುವಾಗ ಗುರುಗಳು ತಮ್ಮ ಹೆಸರನ್ನೇ ಮೊದಲು ಇಡಬೇಕೆಂದು ನಿಶ್ಚಯಿಸಿದರು. ಇದು ಹಿಲ್ಡೆಯವರಿಗೆ ಒಪ್ಪಿಗೆಯಾಗಿರಲಿಲ್ಲ. ಪ್ರಯೋಗದ ಮೂಲಭಾವನೆಯು ಗುರುಗಳದೆಂಬುದು ನಿಜ. ಆದರೆ ಅದನ್ನು ಸಾಧಿಸಿದ ಕೈ ಮತ್ತು ಕಣ್ಣು ಶಿಷ್ಯೆಯವೆಂಬುದೂ ಅಷ್ಟೇ ನಿಜ.

1924ರಲ್ಲಿ ದಂಪತಿಗಳು ಬರ್ಲಿನಿಗೆ ಹೋದರು. ಆ ವರ್ಷವೇ ಒಲೆಯೊಂದು ಸಿಡಿದು ಹಿಲ್ಡೆಯವರು ತೀವ್ರವಾದ ಸುಟ್ಟಗಾಯಗಳಿಗೆ ಗುರಿಯಾಗಿ, ಸೆಪ್ಟೆಂಬರ್ 4ರಂದು ಮೃತರಾದರು. ಮಗುವಿಗೆ ಇನ್ನೂ ಒಂದು ವರ್ಷವೂ ತುಂಬಿರಲಿಲ್ಲ. ಪ್ರಬಂಧವು ಅಚ್ಚಾದುದೂ ಅದೇ ವರ್ಷ. ಅದು ಪಡೆದ ಕೀರ್ತಿಯನ್ನು ನೋಡುವ ಭಾಗ್ಯವು ಅದನ್ನು ಸಾಧಿಸಿದವರಿಗೆ ಲಭಿಸಲಿಲ್ಲ. 1935ರಲ್ಲಿ ಸಂಘಟಕದ ಶೋಧಕ್ಕಾಗಿ ನೊಬೆಲ್ ಪಾರಿತೋಷಕವು ಶ್ಪೇಮನ್ನರೊಬ್ಬರಿಗೇ ಸಂದಿತು.

ಆದರೆ ಹಿಲ್ಡೆಯವರು ಹಚ್ಚಿದ ದೀಪವು ಆರಲಿಲ್ಲ. ಅವರಿಗೆ ದೊರೆತ ಎರಡನೆಯ ಭ್ರೂಣಗಳಲ್ಲಿ ಅತ್ಯಂತ ಪ್ರಸಿದ್ಧವಾದುದಕ್ಕೂ ತಲೆಯ ಮುಂಭಾಗವು ಪೂರ್ಣವಾಗಿ ಮೂಡಿರಲಿಲ್ಲ. ತಲೆಗೂ ಬಾಲಕ್ಕೂ ಬೇರೆ ಬೇರೆ ಪ್ರೇರಣೆ ಬೇಕೇ ಎಂಬ ಪ್ರಶ್ನೆಯು ಉಳಿದಿದ್ದಿತು. 1933ರಲ್ಲಿ ಪತಿಯಾದ ಒಟ್ಟೋ ಮಾಂಗೋಲ್ಡರೇ, ಒಳಸರಿದ ಪದರದ ಮುಂಭಾಗವು ತಲೆಯ ಅಂಗಗಳನ್ನೂ ಹಿಂಭಾಗವು ಮುಂಡ ಮತ್ತು ಬಾಲಗಳನ್ನೂ ಮೂಡಿಸುವುದೆಂದು ತೋರಿಸಿದರು. 1990ರ ದಶಕದಲ್ಲಿ ಇದರ ರಾಸಾಯನಿಕ ರಹಸ್ಯವು ಬೆಳಕಿಗೆ ಬಂದಿತು. ಸಂಘಟಕವು ನಾಗಿನ್, ಕಾರ್ಡಿನ್ ಮೊದಲಾದ ಪ್ರೋಟೀನುಗಳನ್ನು ಸುರಿಸಿ, ನೆರೆಯ ಜೀವಕೋಶಗಳನ್ನು ಚರ್ಮವಾಗಿಸುವ ಸಂಕೇತಗಳನ್ನು ತಡೆಯುತ್ತದೆ. ವಿಂಟ್ ಎಂಬ ಇನ್ನೊಂದು ಸಂಕೇತವು ಬಾಲದ ಕಡೆ ಪ್ರಬಲವಾಗಿಯೂ ತಲೆಯ ಕಡೆ ಕ್ಷೀಣವಾಗಿಯೂ ಇರುವುದು; 1998ರಲ್ಲಿ ಗೊತ್ತಾದ ಡಿಕ್‌ಕಾಫ್ ಎಂಬ ಪ್ರೋಟೀನು ಅದನ್ನು ಮುಂಭಾಗದಲ್ಲಿ ಅಡಗಿಸಿ ತಲೆಗೆ ಎಡೆಮಾಡಿಕೊಡುವುದು.

ಇಂದು ಭ್ರೂಣಶಾಸ್ತ್ರದ ಗ್ರಂಥಗಳು ಆ ತುಣುಕನ್ನು ಶ್ಪೇಮನ್-ಮಾಂಗೋಲ್ಡ್ ಸಂಘಟಕವೆಂದು ಇಬ್ಬರ ಹೆಸರಿನಿಂದಲೂ ಕರೆಯುತ್ತವೆ. ಹಿಲ್ಡೆಯವರ ಆಯುಸ್ಸು ಅಲ್ಪವಾಗಿದ್ದಿತು. ಅವರು ಪ್ರಕಟಿಸಿದುದೂ ಅಲ್ಪ. ಆದರೂ ಮೊದಲ ಸೋಲಿಗೆ ಅಂಜದೆ, ಕೈಗೆ ಬಂದ ಕೆಲಸವನ್ನು ಶ್ರದ್ಧೆಯಿಂದ ಕೊನೆಗಾಣಿಸಿದ ಆ ತರುಣಿಯ ಚರಿತ್ರೆಯು ವಿದ್ಯಾರ್ಥಿನಿಯರಿಗೆ ಧೈರ್ಯವನ್ನೀಯಲಿ. ಹೆಣ್ಣುಮಕ್ಕಳನ್ನು ಓದಿಸುವ ತಂದೆತಾಯಿಗಳೂ ಇದನ್ನು ನೆನಪಿನಲ್ಲಿಡಲಿ.