ಬಾಗಿಲು ತಟ್ಟುವುದನ್ನು ಬಿಡದ ಸಹೋದರಿ

  ಸತ್ಯವೇದ ತಂದಿರುವವರು ಲೂಕನ ಸುವಾರ್ತೆ 18ನೇ ಅಧ್ಯಾಯ ತೆಗೆದು ಇಟ್ಟುಕೊಳ್ಳಿ. ಅನ್ಯಾಯಗಾರನಾದ ನ್ಯಾಯಾಧಿಪತಿಯ ಹತ್ತಿರ ಮತ್ತೆ ಮತ್ತೆ ಹೋದ ವಿಧವೆಯ ಸಾಮ್ಯ ಅಲ್ಲಿದೆ. ಕೊನೆಯಲ್ಲಿ ಅಲ್ಲಿಗೇ ಬರೋಣ.

ಹೋದ ವಾರ ಉಪವಾಸ ಕೂಟದಲ್ಲಿ ಒಬ್ಬ ತಾಯಿ ಒಂದು ಪ್ರಾರ್ಥನಾ ವಿಷಯ ಕೊಟ್ಟರು. ಅವರ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ಈಗ ಚುನಾವಣೆಯ ಸಮಯ. ಅವನು ಹೋಗುವ ಸಭೆಯಲ್ಲಿ ವರ್ಷಗಟ್ಟಲೆ ಒಟ್ಟಿಗೆ ಕೂತು ಆರಾಧಿಸಿದ ಎರಡು ಕುಟುಂಬಗಳು ಈಗ ಮಾತು ಬಿಟ್ಟಿವೆ. ಒಬ್ಬರು ಈ ಪಕ್ಷ, ಇನ್ನೊಬ್ಬರು ಆ ಪಕ್ಷ. ಕರ್ತನ ಮೇಜಿಗೆ ಬರುವಾಗಲೂ ಒಬ್ಬರ ಮುಖ ಇನ್ನೊಬ್ಬರು ನೋಡೋದಿಲ್ಲ. ದೇವರು ಯಾವ ಪಕ್ಷದಲ್ಲಿದ್ದಾನೆ ಅಂತ ಪಾಸ್ಟರ್ ಹತ್ರ ಕೇಳಮ್ಮಾ ಅಂತ ಆ ಮಗ ಹೇಳಿದ್ದಾನೆ.

ಆ ರಾತ್ರಿ ನನಗೆ ಉತ್ತರ ಸಿಗಲಿಲ್ಲ. ಆದರೆ ಪ್ರಾರ್ಥನೆಯಲ್ಲಿ ಒಬ್ಬ ಸಹೋದರಿಯ ಜೀವನ ನೆನಪಿಗೆ ಬಂತು. ಅದೇ ಅಮೆರಿಕ, ಹೀಗೇ ಒಡೆದುಹೋದ ಒಂದು ಚುನಾವಣೆ, 1964ನೇ ಇಸವಿ. ಆ ಸಹೋದರಿಯ ಹೆಸರು ಫ್ಯಾನಿ ಲೂ ಹೇಮರ್.

ಇವರು ಹುಟ್ಟಿದ್ದು 1917ರ ಅಕ್ಟೋಬರ್ 6ರಂದು, ಮಿಸಿಸಿಪ್ಪಿ ರಾಜ್ಯದಲ್ಲಿ. 20 ಮಕ್ಕಳಲ್ಲಿ ಇವರೇ ಕೊನೆಯವರು. ತಂದೆ ತಾಯಿ ಬಿಳಿಯರ ಜಮೀನಿನಲ್ಲಿ ವಾರಕ್ಕೆ ಬೇಸಾಯ ಮಾಡುವವರು. ವಾರ ಅಂದ್ರೆ ನಮ್ಮ ಹಳ್ಳಿಯವರಿಗೆ ಗೊತ್ತು: ದುಡಿಮೆ ನಮ್ಮದು, ಬೆಳೆಯಲ್ಲಿ ಪಾಲು ಮಾಲೀಕನದು. ಲೆಕ್ಕದ ಪುಸ್ತಕವೂ ಮಾಲೀಕನ ಕೈಯಲ್ಲೇ. ವರ್ಷದ ಕೊನೆಗೆ ನೋಡಿದರೆ ಉಳಿಯೋದು ಸಾಲ ಮಾತ್ರ. ಫ್ಯಾನಿ ಲೂ 6 ವರ್ಷದ ಮಗುವಾಗಿದ್ದಾಗಲೇ ಹತ್ತಿ ಬಿಡಿಸೋಕೆ ಇಳಿದರು. ಪೋಲಿಯೋ ಬಂದು ಒಂದು ಕಾಲು ಕುಂಟು. ಸುಮಾರು 12 ವರ್ಷಕ್ಕೆ ಶಾಲೆ ಮುಗಿಯಿತು. ಆಮೇಲೆ ಓದು ಮುಂದುವರಿಸಿದ್ದು ಸತ್ಯವೇದದ ಮೂಲಕ.

ಒಂದು ಸಲ ತಂದೆ ಹೇಗೋ ಹಣ ಕೂಡಿಸಿ, ಜಮೀನು ಗುತ್ತಿಗೆಗೆ ಹಿಡಿದು, ಹೇಸರಗತ್ತೆಗಳನ್ನು ಕೊಂಡರು. ಇನ್ನು ಸ್ವಲ್ಪ ತಲೆ ಎತ್ತಬಹುದು ಅಂದುಕೊಂಡರು. ಯಾರೋ ಬಂದು ಮೇವಿಗೆ ವಿಷ ಹಾಕಿದರು. ಪ್ರಾಣಿಗಳೆಲ್ಲ ಸತ್ತುಹೋದವು. ಆ ಕುಟುಂಬ ಮತ್ತೆ ಏಳಲೇ ಇಲ್ಲ. ಪ್ರಿಯರೇ, ಬಡತನ ಅಂದ್ರೆ ಯಾವಾಗಲೂ ಸೋಮಾರಿತನ ಅಲ್ಲ. ಎದ್ದು ನಿಲ್ಲುವವನನ್ನು ಬೀಳಿಸುವ ಕೈ ಇರುತ್ತದೆ.

ದೊಡ್ಡವರಾದ ಮೇಲೆ ರೂಲ್‌ವಿಲ್ ಊರಿನ ಹತ್ತಿರ ಒಂದು ದೊಡ್ಡ ಹತ್ತಿ ತೋಟದಲ್ಲಿ 18 ವರ್ಷ ಕೆಲಸ ಮಾಡಿದರು. ಓದು ಬರಹ ಬರ್ತಾ ಇತ್ತು ಅಂತ ಕೂಲಿಯವರ ಲೆಕ್ಕ ಬರೆಯುವ ಕೆಲಸ ಕೊಟ್ಟಿದ್ದರು. ಮಾಲೀಕನ ತಕ್ಕಡಿಯಲ್ಲಿ ಮೋಸ ಇರುವುದು ಇವರಿಗೆ ಗೊತ್ತಾಯಿತು. ಮಾಲೀಕ ಕಾಣದಿದ್ದಾಗ ಸರಿಯಾದ ತೂಕದ ಕಲ್ಲು ಇಟ್ಟು ತೂಗಿ, ಬಡವರ ಹತ್ತಿಗೆ ನ್ಯಾಯವಾದ ಲೆಕ್ಕ ಬರೆಯುತ್ತಿದ್ದರು. ಮೋಸದ ತಕ್ಕಡಿ ಕರ್ತನಿಗೆ ಎಷ್ಟು ಅಸಹ್ಯ ಅಂತ ಜ್ಞಾನೋಕ್ತಿಗಳಲ್ಲಿ ನಾವು ಓದಿದ್ದೇವೆ ಅಲ್ವಾ? ಈ ಸಹೋದರಿ ಅದನ್ನು ಓದಿ ಮುಚ್ಚಿಡಲಿಲ್ಲ.

1961ರಲ್ಲಿ ಒಂದು ಗಡ್ಡೆ ತೆಗೆಸಲು ಆಸ್ಪತ್ರೆಗೆ ಹೋದರು. ಇವರನ್ನು ಕೇಳದೆ, ಇವರಿಗೆ ಹೇಳದೆ, ಗರ್ಭಕೋಶವನ್ನೇ ತೆಗೆದುಬಿಟ್ಟಿದ್ದರು. ಆ ಕಾಲದಲ್ಲಿ ಅಲ್ಲಿ ಎಷ್ಟೋ ಬಡ ಕಪ್ಪು ಹೆಂಗಸರಿಗೆ ಹೀಗೆ ಮಾಡಿದರು. ಹನ್ನಳಂತೆ ಅತ್ತ ತಾಯಿ ಇವರು.

1962ರ ಆಗಸ್ಟ್ ತಿಂಗಳು. ರೂಲ್‌ವಿಲ್‌ನ ಸಣ್ಣ ಚರ್ಚಿನಲ್ಲಿ ಒಂದು ಕೂಟ. ಯುವಕರು ಬಂದು, ಕಪ್ಪು ಜನರಿಗೂ ಮತ ಹಾಕುವ ಹಕ್ಕಿದೆ ಅಂತ ಹೇಳಿದರು. ಫ್ಯಾನಿ ಲೂಗೆ ಆಗ 44 ವರ್ಷ. ಅಲ್ಲಿಯವರೆಗೆ ಆ ವಿಷಯವೇ ಅವರಿಗೆ ತಿಳಿದಿರಲಿಲ್ಲ! ಯಾರು ಬರ್ತೀರಿ ಅಂತ ಕೇಳಿದಾಗ ಕೈ ಎತ್ತಿದರು. ಆಗಸ್ಟ್ 31ರಂದು 18 ಜನ ಒಂದು ಹಳೇ ಬಸ್ಸಿನಲ್ಲಿ ಇಂಡಿಯನೋಲ ಎಂಬ ಊರಿನ ಕೋರ್ಟ್ ಕಟ್ಟಡಕ್ಕೆ ಹೋದರು. ಅಲ್ಲಿ ಪರೀಕ್ಷೆ. ರಾಜ್ಯದ ಸಂವಿಧಾನದ ಒಂದು ಕಷ್ಟವಾದ ಭಾಗವನ್ನು ಬರೆದು ಅದರ ಅರ್ಥ ವಿವರಿಸಬೇಕು. ಹತ್ತಿ ಬಿಡಿಸುವ ಹೆಂಗಸು ಹೇಗೆ ವಿವರಿಸಬೇಕು? ಫೇಲ್ ಮಾಡಿದರು. ವಾಪಸ್ ಬರುವಾಗ ಪೊಲೀಸರು ಬಸ್ಸು ನಿಲ್ಲಿಸಿ, ಬಸ್ಸಿನ ಹಳದಿ ಬಣ್ಣ ಜಾಸ್ತಿಯಾಯ್ತು ಅಂತ ದಂಡ ಹಾಕಿದರು. ಬಸ್ಸಿನಲ್ಲಿ ಎಲ್ಲರೂ ಹೆದರಿ ಕೂತಿದ್ದಾಗ ಈ ಸಹೋದರಿ ಆರಾಧನೆಯ ಹಾಡು ಎತ್ತಿಕೊಂಡರು. ಒಬ್ಬೊಬ್ಬರಾಗಿ ಎಲ್ಲರೂ ಹಾಡಿದರು. ಹಲ್ಲೆಲೂಯಾ!

ಮನೆಗೆ ಬರುವಷ್ಟರಲ್ಲಿ ಮಾಲೀಕನಿಗೆ ಸುದ್ದಿ ಮುಟ್ಟಿತ್ತು. ಅರ್ಜಿ ವಾಪಸ್ ತಗೋ, ಇಲ್ಲ ಅಂದ್ರೆ ಜಾಗ ಖಾಲಿ ಮಾಡು ಅಂದ. ಅದೇ ರಾತ್ರಿ ಮನೆ ಬಿಟ್ಟರು. ಸುಗ್ಗಿ ಮುಗಿಯುವವರೆಗೆ ಗಂಡ ಅಲ್ಲೇ ಇರಬೇಕಾಯಿತು. ಸ್ವಲ್ಪ ದಿನಕ್ಕೆ, ಇವರು ಆಶ್ರಯ ಪಡೆದಿದ್ದ ಮನೆಗೆ 16 ಗುಂಡು ಹಾರಿಸಿದರು. ಆ ರಾತ್ರಿ ಇವರು ಅಲ್ಲಿರಲಿಲ್ಲ, ಕರ್ತನು ಕಾಪಾಡಿದ. ಆದರೂ ಬಿಡಲಿಲ್ಲ. ಮತ್ತೆ ಪರೀಕ್ಷೆಗೆ ಹೋಗಿ 1963ರ ಜನವರಿಯಲ್ಲಿ ಪಾಸಾದರು.

1963ರ ಜೂನ್‌ನಲ್ಲಿ ಒಂದು ತರಬೇತಿಯಿಂದ ವಾಪಸ್ ಬರುವಾಗ ವಿನೋನ ಎಂಬ ಊರಿನ ಬಸ್ ನಿಲ್ದಾಣದಲ್ಲಿ ಇವರನ್ನೂ ಜೊತೆಯವರನ್ನೂ ಹಿಡಿದು ಜೈಲಿಗೆ ಹಾಕಿದರು. ಪೊಲೀಸರು ಏನು ಮಾಡಿದರು, ನೋಡ್ರಿ. ಇಬ್ಬರು ಕಪ್ಪು ಕೈದಿಗಳನ್ನು ಕರೆದು, ಅವರ ಕೈಯಿಂದಲೇ ಹೊಡೆಸಿದರು. ಮೂತ್ರಪಿಂಡಕ್ಕೆ ಪೆಟ್ಟು, ಕಣ್ಣಿಗೆ ಪೆಟ್ಟು. ಬದುಕಿನುದ್ದಕ್ಕೂ ಆ ನೋವು ಹೋಗಲಿಲ್ಲ. ಆದರೂ ಸೆರೆಯಲ್ಲಿ ಹಾಡಿದರು, ಫಿಲಿಪ್ಪಿಯಲ್ಲಿ ಪೌಲ ಸೀಲರು ಹಾಡಿದ ಹಾಗೆ.

ಅಲ್ಲಿ ಇನ್ನೊಂದು ವಿಷಯ ನಡೆಯಿತು. ಜೈಲರನ ಹೆಂಡತಿಯೂ ಮಗಳೂ ಈ ಕೈದಿಗಳಿಗೆ ತಣ್ಣೀರು ತಂದುಕೊಟ್ಟರು. ನಾವು ಕ್ರೈಸ್ತರಾಗಿ ಬದುಕೋಕೆ ನೋಡ್ತೀವಿ ಅಂತ ಆ ಹೆಂಗಸು ಹೇಳಿದಾಗ, ಫ್ಯಾನಿ ಲೂ ಜಗಳ ಮಾಡಲಿಲ್ಲ, ಶಪಿಸಲಿಲ್ಲ. ಮನೆಯಲ್ಲಿ ಓದಿಕೊಳ್ಳಿ ಅಂತ ಎರಡು ವಚನ ಹೇಳಿಕೊಟ್ಟರು. ಒಂದು ಅಪೊಸ್ತಲರ ಕೃತ್ಯಗಳು 17:26. ಎಲ್ಲಾ ಜನಾಂಗಗಳೂ ಒಂದೇ ಮೂಲದಿಂದ ಬಂದವು ಅನ್ನುವ ವಚನ ಅದು. ಮೈಯೆಲ್ಲಾ ಬಾಸುಂಡೆ, ಬಾಯಲ್ಲಿ ವಾಕ್ಯ! ಮುಂದೆ ಕೇಸು ನಡೆಯಿತು. ಬಿಳಿಯರೇ ತುಂಬಿದ್ದ ಜ್ಯೂರಿ ಪೊಲೀಸರನ್ನು ಬಿಟ್ಟುಬಿಟ್ಟಿತು. ಅನ್ಯಾಯಗಾರ ನ್ಯಾಯಾಧಿಪತಿ ಬೈಬಲಿನಲ್ಲಿ ಮಾತ್ರ ಇಲ್ಲ.

ಈಗ 1964ಕ್ಕೆ ಬನ್ನಿ. ಅಧ್ಯಕ್ಷ ಚುನಾವಣೆ. ಡೆಮಾಕ್ರಾಟಿಕ್ ಪಕ್ಷದಿಂದ ಲಿಂಡನ್ ಜಾನ್ಸನ್, ರಿಪಬ್ಲಿಕನ್ ಪಕ್ಷದಿಂದ ಬ್ಯಾರಿ ಗೋಲ್ಡ್‌ವಾಟರ್. ಕಪ್ಪು ಜನರ ಹಕ್ಕಿನ ವಿಷಯದಲ್ಲಿ ದೇಶವೇ ಇಬ್ಭಾಗ. ಮಿಸಿಸಿಪ್ಪಿಯಲ್ಲಿ ಮತದಾರರ ಪಟ್ಟಿ ಸೇರಿದ್ದ ಕಪ್ಪು ಜನರು ನೂರಕ್ಕೆ 7ಕ್ಕಿಂತ ಕಡಿಮೆ. ಆ ಬೇಸಿಗೆಯಲ್ಲಿ ಅವರ ಹೆಸರು ಬರೆಸಲು ಹೊರಟ ಮೂವರು ಯುವಕರನ್ನು ಕೊಂದು ಮಣ್ಣಿನ ಕಟ್ಟೆಯೊಳಗೆ ಹೂತಿದ್ದರು.

ಆ ರಾಜ್ಯದ ಡೆಮಾಕ್ರಾಟಿಕ್ ಪಕ್ಷ ಕಪ್ಪು ಜನರನ್ನು ಒಳಗೇ ಬಿಡುತ್ತಿರಲಿಲ್ಲ. ಆದ್ದರಿಂದ ಫ್ಯಾನಿ ಲೂ ಮತ್ತು ಜೊತೆಯವರು ಎಲ್ಲರಿಗೂ ಬಾಗಿಲು ತೆರೆದ ಬೇರೆ ಪಕ್ಷ ಕಟ್ಟಿ, ಅಟ್ಲಾಂಟಿಕ್ ಸಿಟಿಯಲ್ಲಿ ನಡೆದ ಡೆಮಾಕ್ರಾಟಿಕ್ ಮಹಾಸಮ್ಮೇಳನಕ್ಕೆ ಹೋದರು. ಆಗಸ್ಟ್ 22ರಂದು ಸಮಿತಿಯ ಮುಂದೆ ಕೂತು, ತೋಟದಿಂದ ಓಡಿಸಿದ್ದು, ಗುಂಡು ಹಾರಿಸಿದ್ದು, ಜೈಲಿನಲ್ಲಿ ಹೊಡೆದದ್ದು ಎಲ್ಲಾ ಸಾಕ್ಷಿ ಹೇಳಿದರು. ಟಿವಿಯಲ್ಲಿ ನೇರ ಪ್ರಸಾರ. ಈ ಹೆಂಗಸಿನ ಮಾತಿಗೆ ಅಧ್ಯಕ್ಷರೇ ಹೆದರಿದರು! ಕ್ಯಾಮೆರಾ ತಮ್ಮ ಕಡೆ ತಿರುಗಲಿ ಅಂತ ಜಾನ್ಸನ್ ಅವಸರವಾಗಿ ಪತ್ರಿಕಾಗೋಷ್ಠಿ ಕರೆದರು. ಆದರೆ ಆ ರಾತ್ರಿ ಸುದ್ದಿಯಲ್ಲಿ ಸಾಕ್ಷಿಯನ್ನು ಮತ್ತೆ ಹಾಕಿದರು. ಇನ್ನೂ ಹೆಚ್ಚು ಜನ ನೋಡಿದರು.

ಕೊನೆಗೆ ನಾಯಕರು ಒಂದು ರಾಜಿ ತಂದರು. ಎರಡೇ ಸ್ಥಾನ ಕೊಡ್ತೀವಿ, ಯಾರು ಕೂರಬೇಕು ಅನ್ನೋದೂ ನಾವೇ ಹೇಳ್ತೀವಿ ಅಂತ. ಮಾತಾಡಲು ಬಂದವರು ಹ್ಯೂಬರ್ಟ್ ಹಂಫ್ರಿ, ಹಕ್ಕುಗಳ ಪರವಾಗಿದ್ದ ಒಳ್ಳೇ ಮನುಷ್ಯರೇ. ಆದರೆ ಉಪಾಧ್ಯಕ್ಷ ಸ್ಥಾನ ಕೈಗೆ ಬರುವ ಹೊತ್ತು. ಫ್ಯಾನಿ ಲೂ ಅವರ ಮುಖಕ್ಕೇ ಅದನ್ನು ತೋರಿಸಿ, ನಿಮಗೋಸ್ಕರ ಪ್ರಾರ್ಥನೆ ಮಾಡ್ತೀನಿ ಅಂದರು. ರಾಜಿ ಒಪ್ಪಲಿಲ್ಲ. ಬರಿಗೈಯಲ್ಲಿ ವಾಪಸ್ ಬಂದರು.

ಈಗ ಗಮನಿಸಿ ಕೇಳಿ. ಬಾಗಿಲು ಮುಚ್ಚಿದ್ದು ಶತ್ರು ಪಕ್ಷ ಅಲ್ಲ, ಇವರು ಸೇರಬೇಕೆಂದಿದ್ದ ಪಕ್ಷವೇ. ಹಾಗಂತ ಇವರು ಕಹಿಯಾಗಿ ಮನೆಯಲ್ಲಿ ಕೂರಲಿಲ್ಲ. ಮಿಸಿಸಿಪ್ಪಿಯ ಬಿಳಿಯ ಪ್ರತಿನಿಧಿಗಳಲ್ಲಿ ಹೆಚ್ಚಿನವರು ಪಕ್ಷದ ಅಭ್ಯರ್ಥಿಯನ್ನು ಬೆಂಬಲಿಸ್ತೀವಿ ಅಂತ ಮಾತು ಕೊಡಲಾರದೆ ಎದ್ದು ಹೋದರು. ಹೊರಗೆ ತಳ್ಳಿಸಿಕೊಂಡವರೇ ಊರಿಗೆ ಬಂದು ಜಾನ್ಸನ್‌ಗೆ ಪ್ರಚಾರ ಮಾಡಿದರು. ಜಾನ್ಸನ್ ಗೆದ್ದರು. ಮಿಸಿಸಿಪ್ಪಿಯಲ್ಲಿ ಮಾತ್ರ ನೂರಕ್ಕೆ 87 ಮತ ಗೋಲ್ಡ್‌ವಾಟರ್‌ಗೆ ಬಿತ್ತು. ಒಂದು ವರ್ಷದೊಳಗೆ, 1965ರ ಆಗಸ್ಟ್ 6ರಂದು, ಮತದಾನ ಹಕ್ಕು ಕಾಯ್ದೆಗೆ ಅದೇ ಜಾನ್ಸನ್ ಸಹಿ ಹಾಕಿದರು. 1967ರ ಹೊತ್ತಿಗೆ ಆ 7 ಹತ್ತಿರ ಹತ್ತಿರ 60 ಆಯಿತು. 1968ರ ಸಮ್ಮೇಳನದಲ್ಲಿ ಫ್ಯಾನಿ ಲೂ ಪ್ರತಿನಿಧಿಯಾಗಿ ಒಳಗೆ ಕೂತರು. ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಆದರೆ ಮತ ಬಂದ ಮಾತ್ರಕ್ಕೆ ಹೊಟ್ಟೆ ತುಂಬುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಬಡವರಿಗೆ ಹಂದಿ ಸಾಕಲು ಕೊಡುವ ಯೋಜನೆ ಶುರು ಮಾಡಿದರು. ಮರಿ ಹಾಕಿದ ಮೇಲೆ ಇನ್ನೊಂದು ಮನೆಗೂ ಮರಿ ಹೋಗಬೇಕು. 1969ರಲ್ಲಿ 40 ಎಕರೆಯಿಂದ ಸಹಕಾರಿ ಜಮೀನು ಶುರುವಾಯಿತು. 1977ರ ಮಾರ್ಚ್ 14ರಂದು, 59ನೇ ವಯಸ್ಸಿನಲ್ಲಿ, ಕ್ಯಾನ್ಸರ್‌ನಿಂದ ಕರ್ತನ ಬಳಿಗೆ ಹೋದರು. ಕೈಯಲ್ಲಿ ಹಣ ಇರಲಿಲ್ಲ.

ಪ್ರಿಯರೇ, ಆ ಕಾಲದಲ್ಲಿ ಮಿಸಿಸಿಪ್ಪಿಯಲ್ಲಿ ಚರ್ಚುಗಳಿಗೆ ಕೊರತೆ ಇರಲಿಲ್ಲ. ಆರಾಧನೆಗೆ ಬಂದ ಕಪ್ಪು ಜನರನ್ನು ಬಾಗಿಲಲ್ಲೇ ತಡೆದ ಸಭೆಗಳಿದ್ದವು. ಹೆದರಿ ಸುಮ್ಮನಿದ್ದ ತಮ್ಮದೇ ಜನರ ಪಾಸ್ಟರ್‌ಗಳನ್ನೂ ಈ ಸಹೋದರಿ ಬಿಡಲಿಲ್ಲ, ಗದರಿಸಿದರು. ಅದನ್ನು ಓದಿದಾಗ ನನಗೇ ಚುಚ್ಚಿತು. ರಾಜಕೀಯ ನಮಗ್ಯಾಕೆ, ಪ್ರಾರ್ಥನೆ ಮಾಡಿದ್ರೆ ಸಾಕು ಅಂತ ನಾನೂ ಇದೇ ವೇದಿಕೆಯಿಂದ ಹೇಳಿದ್ದೇನೆ. ಇವತ್ತು ನಿಮ್ಮ ಮುಂದೆ ಕ್ಷಮೆ ಕೇಳ್ತೀನಿ.

ಈಗ ಲೂಕ 18 ನೋಡಿ. ಎಡೆಬಿಡದೆ ಪ್ರಾರ್ಥಿಸಬೇಕು ಅಂತ ಕಲಿಸಲು ಯೇಸು ಹೇಳಿದ ಸಾಮ್ಯ ಇದು. ಆದರೆ ಆ ವಿಧವೆ ಎಲ್ಲಿದ್ದಾಳೆ? ನ್ಯಾಯಾಧಿಪತಿಯ ಮುಂದೆ ನಿಂತಿದ್ದಾಳೆ. ಯೇಸುವಿನ ಸಾಮ್ಯದಲ್ಲಿ ಮೊಣಕಾಲೂ ಇದೆ, ನಡೆಯುವ ಕಾಲೂ ಇದೆ.

ಆ ಮಗನಿಗೆ ನನ್ನ ಉತ್ತರ ಇಷ್ಟೇ. ಮಗನೇ, ದೇವರು ಯಾವ ಪಕ್ಷದಲ್ಲಿದ್ದಾನೆ ಅಂತ ಕೇಳುವ ಮುಂಚೆ, ಬಾಗಿಲ ಹೊರಗೆ ಯಾರು ನಿಂತಿದ್ದಾರೆ ಅಂತ ನೋಡು. ಎರಡೂ ಪಕ್ಷದವರಿಗೆ ಆ ಪ್ರಶ್ನೆ ಕೇಳು. ನಿನ್ನ ಮತ ನಿನ್ನ ಮನಸ್ಸಾಕ್ಷಿಯಂತೆ ಹಾಕು, ಅದನ್ನು ನಾನು ಹೇಳೋದಿಲ್ಲ. ಆದರೆ ಮುಂದಿನ ಭಾನುವಾರ ಆ ಎರಡು ಕುಟುಂಬಗಳ ನಡುವೆ ನೀನು ಹೋಗಿ ಕೂತುಕೋ. ಜೈಲರನ ಹೆಂಡತಿಗೂ ವಾಕ್ಯ ಹಂಚಿದ ಸಹೋದರಿಯನ್ನು ನೆನಪಿಟ್ಟುಕೋ.

ನಾವೂ ಕಣ್ಣು ಮುಚ್ಚಿ ನಮ್ಮನ್ನೇ ಕೇಳಿಕೊಳ್ಳೋಣ. ನಮ್ಮ ತಕ್ಕಡಿ ಸರಿಯಿದೆಯಾ? ನಮ್ಮ ಸಭೆಯ ಬಾಗಿಲು ಯಾರಿಗಾದರೂ ಮುಚ್ಚಿದೆಯಾ? ಎಲ್ಲರೂ ಎದ್ದು ನಿಲ್ಲಿ, ಪ್ರಾರ್ಥಿಸೋಣ.

ಪರಲೋಕದ ತಂದೆಯೇ, ಸುಮ್ಮನಿದ್ದ ನಮ್ಮ ಬಾಯಿಯನ್ನು ಕ್ಷಮಿಸಪ್ಪಾ. ದ್ವೇಷವಿಲ್ಲದ ಧೈರ್ಯ ಕೊಡು. ಒಡೆದುಹೋದ ಸಭೆಗಳನ್ನು ನಿನ್ನ ಮೇಜಿನ ಹತ್ತಿರ ಮತ್ತೆ ಕೂಡಿಸು. ಯೇಸುವಿನ ನಾಮದಲ್ಲಿ ಬೇಡಿಕೊಳ್ಳುತ್ತೇವೆ. ಆಮೆನ್.